ಹನ್ನೆರಡು ತಿಂಗಳೂ ಆಷಾಢ

ಸಿಟ್ಟು ಬಂದಾಗ ಪೆನ್ನು ಮುಟ್ಟಬಾರದು ಎಂದು ತಿಳಿದವರು ಹೇಳುತ್ತಾರೆ. ಅವರಿಗೇನು, ಅವರ ಸಿಟ್ಟು ಬೆಳಗ್ಗೆ ಏರಿ ಸಂಜೆಗೆ ಇಳಿಯುವ ಜಾತಿಯದಿರಬೇಕು. ನನ್ನದು ಕಳೆದ ಮಳೆಗಾಲದಲ್ಲಿ ಏರಿದ್ದು, ಕಾಫಿ ಕೊಯ್ಲು ಮುಗಿದರೂ ಇಳಿಯಲಿಲ್ಲ. ಯಾರ ಮೇಲೆ ಎಂದು ಕೇಳಿದರೆ ಹೇಳುವುದು ಕಷ್ಟ. ದೇವರ ಮೇಲೆ ಎಂದರೆ ನಾಲಗೆ ಬಿದ್ದುಹೋದೀತು ಎಂಬ ಹೆದರಿಕೆ ನನಗೂ ಇದೆ. ವಿಜ್ಞಾನದ ಮೇಷ್ಟ್ರಾದರೇನಾಯಿತು, ಪರೀಕ್ಷೆಯ ದಿನ ಗಣಪತಿಗೆ ಕೈಮುಗಿಯದೆ ಸ್ಕೂಟರ್ ಹತ್ತುವವನಲ್ಲ ನಾನು. ಹಾಗಾಗಿ, ದೇವರ ಹೆಸರು ಹೇಳಿಕೊಂಡು ಗಂಡ ಹೆಂಡಿರ ಕೋಣೆಯ ಬಾಗಿಲಲ್ಲಿ ಕಾವಲು ಕೂರುವವರ ಮೇಲೆ ಎಂದಿಟ್ಟುಕೊಳ್ಳಿ.

ನಾನಿರುವುದು ಹೊಂಗಡಹಳ್ಳದ ಹತ್ತಿರ, ಪಾಠ ಮಾಡುವುದು ಹೆತ್ತೂರು ಕಡೆಯ ಒಂದು ಹೈಸ್ಕೂಲಿನಲ್ಲಿ. ಹತ್ತನೇ ತರಗತಿಯ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವೊಂದಿದೆ. ಅದು ಬಂತೆಂದರೆ ಅನೇಕ ಮೇಷ್ಟ್ರುಗಳಿಗೆ ಜ್ವರ ಬರುತ್ತದೆ, ಇಲ್ಲವೇ 'ನೀವೇ ಓದ್ಕಳ್ರೋ' ಎಂಬ ಅಪ್ಪಣೆಯಾಗುತ್ತದೆ. ನಾನು ಹಾಗಲ್ಲ. ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು, ಗರ್ಭನಿರೋಧದ ವಿಧಾನಗಳನ್ನೆಲ್ಲ ಹೇಳಿ, ಗಂಡಸರ ಶಸ್ತ್ರಚಿಕಿತ್ಸೆ ಹೆಂಗಸರದಕ್ಕಿಂತ ಸುಲಭ ಎಂಬ ವಾಕ್ಯದ ಕೆಳಗೆ ಗೆರೆ ಎಳೆಸುವವನು. ಕಳೆದ ವರ್ಷ ಆ ಪಾಠ ಮುಗಿದ ವಾರವೇ ಯಾರೋ ದಾನಿಗಳು ಒಬ್ಬ ಪ್ರವಚನಕಾರರನ್ನು ಶಾಲೆಗೆ ಕರೆತಂದರು. ಮಕ್ಕಳ ಚಾರಿತ್ರ್ಯ ತಿದ್ದುವುದಕ್ಕಂತೆ. ಬ್ರಹ್ಮಚರ್ಯ ಪಾಲಿಸಿದ ಹುಡುಗನಿಗೆ ಗಣಿತದಲ್ಲಿ ನೂರಕ್ಕೆ ನೂರು ಖಂಡಿತ ಎಂದರು. ಹಾಗಿದ್ದರೆ ನನ್ನ ತರಗತಿಯ ಅಷ್ಟೂ ಹುಡುಗರು ಫೇಲಾಗಿದ್ದೇಕೆ ಎಂದು ಕೇಳಬೇಕೆನಿಸಿತು. ಗರ್ಭ ತಡೆಯುವುದು ಭ್ರೂಣಹತ್ಯೆಗೆ ಸಮ ಎಂದೂ ಹೇಳಿದರು. ಕೊನೆಗೆ ಹುಡುಗಿಯರ ಕಡೆ ತಿರುಗಿ, ದಾರಿಯಲ್ಲಿ ತಲೆ ಎತ್ತದೆ ನೆಲ ನೋಡಿಕೊಂಡೇ ನಡೆಯಬೇಕು ಎಂದು ಬೋಧಿಸಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ನೆಲ ನೋಡ್ಕಂಡ್ ನಡುದ್ರೆ ಆನೆ ಬಂದಿದ್ದು ಹೆಂಗ್ ಗೊತ್ತಾಗ್ತೈತೆ ಸಾರ್?" ಎಂದು ಕೇಳಿದಳು. ಆನೆ ತಿರುಗುವ ದಾರಿಯಲ್ಲಿ ದಿನಾ ನಡೆದು ಬರುವ ಮಗು ಅದು, ತಮಾಷೆಗೆ ಕೇಳಿದ್ದಲ್ಲ. ಪ್ರವಚನಕಾರರು ಶಾಂತಿಮಂತ್ರ ಹೇಳಿ ಸಭೆ ಮುಗಿಸಿದರು.

ಇಷ್ಟಾದರೆ ನಾನು ಎರಡು ದಿನ ಕೂಗಾಡಿ ಸುಮ್ಮನಾಗುತ್ತಿದ್ದೆ. ಆದರೆ ಅದೇ ಪ್ರವಚನ ನಮ್ಮ ಮನೆಯೊಳಗೂ ಮೈಕಿಲ್ಲದೆ ನಡೆಯುತ್ತಿತ್ತು. ನಮಗಿಬ್ಬರು ಹೆಣ್ಣುಮಕ್ಕಳು. ಎರಡನೆಯವಳು ಹುಟ್ಟಿದಾಗ ನನ್ನ ಹೆಂಡತಿ ಸುನಂದ ಬದುಕಿ ಉಳಿದದ್ದೇ ಹೆಚ್ಚು. ರಕ್ತ ಕೊಟ್ಟವರಿಗೆ ನಾನು ಇನ್ನೂ ಕೈಮುಗಿಯುತ್ತೇನೆ. ಅವತ್ತು ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, "ಮೇಷ್ಟ್ರೇ, ಇವರಿಗೆ ಇನ್ನೊಂದು ಹೆರಿಗೆ ಬೇಡ. ಈ ಮೈಯಲ್ಲಿ ಇನ್ನೊಂದು ಆಪರೇಷನ್ನೂ ಬೇಡ. ನೀವೇ ಮಾಡಿಸಿಕೊಳ್ಳಿ, ಅರ್ಧ ಗಂಟೆಯ ಕೆಲಸ" ಎಂದಿದ್ದರು. ನಾನು ಆಗಲಿ ಎಂದೆ. ಆಗಲಿ ಎನ್ನುವುದು ನನಗೆ ಬಹಳ ಸಲೀಸು.

ಅವ್ವನಿಗೆ ಜೋಯಿಸರೊಬ್ಬರು ನಿನ್ನ ಮಗನ ಜಾತಕದಲ್ಲಿ ಗಂಡು ಸಂತಾನ ಇದ್ದೇ ಇದೆ ಎಂದುಬಿಟ್ಟಿದ್ದರು. ಸುನಂದ ತಂದಿಟ್ಟುಕೊಂಡಿದ್ದ ಮಾತ್ರೆ ಅವ್ವನ ಕಣ್ಣಿಗೆ ಬಿತ್ತು, ಅಲ್ಲಿಂದ ಬಚ್ಚಲ ಒಲೆಗೆ ಬಿತ್ತು. "ಬರಾ ಜೀವುಕ್ಕೆ ಅಡ್ಡ ನಿಲ್ಲಾದು ಪಾಪ ಕಣೋ. ದೇವ್ರು ಕೊಡ್ತೀನಿ ಅಂದಾಗ ಬ್ಯಾಡ ಅನ್ನಕ್ಕೆ ನಾವ್ಯಾರು?" ಎಂದರು. ಗಂಡಸರ ಆಪರೇಷನ್ ವಿಷಯ ಮೆಲ್ಲಗೆ ಎತ್ತಿದೆ. "ಥೂ, ಮಾಡುಸ್ಕಂಡೋರು ಆಮ್ಯಾಲೆ ಒಂದ್ ಮೂಟೆ ಎತ್ತಕ್ಕಾಯ್ತದಾ? ಗಂಡಸಂಗೆ ಕತ್ರಿ ಹಾಕಿದ್ರೆ ಮನೆದೇವ್ರು ಮುನ್ಕಂಬುಡ್ತಾನೆ" ಎಂದರು. ತರಗತಿಯಲ್ಲಿ ಬಣ್ಣದ ಸೀಮೆಸುಣ್ಣ ಹಿಡಿದು ಘರ್ಜಿಸುವ ನಾನು ಅವ್ವನ ಮುಂದೆ, "ನೋಡಣ ಬಿಡವ್ವ" ಎಂದು ಎದ್ದು ಬಂದೆ. ಉಳಿದದ್ದು ಔಷಧಿ ಅಂಗಡಿ. ಅದನ್ನು ನಡೆಸುವವನು ನನ್ನ ಹಳೆಯ ಶಿಷ್ಯ. ಹೋದ ಕೂಡಲೇ ಎದ್ದು ನಿಂತು, "ನಮಸ್ಕಾರ ಸಾರ್, ಏನ್ ಕೊಡ್ಲಿ?" ಎನ್ನುತ್ತಾನೆ. ನಾನು ಪ್ರತಿ ಸಲವೂ ಕೆಮ್ಮಿನ ಔಷಧಿ ತಂದೆ. ನಮ್ಮ ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲ.

ಆಷಾಢ ಬಂತು ನೋಡಿ, ಸುನಂದ ಇಬ್ಬರು ಮಕ್ಕಳನ್ನೂ ಕಟ್ಟಿಕೊಂಡು ತವರಿಗೆ ಹೊರಟು ನಿಂತಳು. "ಆಷಾಢ ಹೊಸ ಮದುಮಕ್ಕಳಿಗೆ ಕಣೇ, ನಮಗ್ಯಾಕೆ?" ಎಂದೆ. "ಶಾಸ್ತ್ರದಲ್ಲಿ ಹೊಸ್ದು ಹಳೇದು ಅಂತ ಇಲ್ಲ ಕಣ್ರೀ" ಎಂದಳು. ಅವ್ವ ಸೊಸೆಯ ಭಕ್ತಿಗೆ ಮೆಚ್ಚಿ ಹೂ ಮುಡಿಸಿ ಕಳಿಸಿದರು. ತಿರುಗಿ ಬಂದಳು, ಶ್ರಾವಣ. ಶನಿವಾರ ತಿಮ್ಮಪ್ಪನ ಒಕ್ಕಲು, ಸೋಮವಾರ ಶಿವನ ಒಕ್ಕಲು, ಶುಕ್ರವಾರ ಲಕ್ಷ್ಮಿ. ಮಡಿಯೆಂದು ಮಕ್ಕಳ ಜೊತೆ ನಡುಮನೆಯಲ್ಲಿ ಚಾಪೆ ಹಾಸಿದಳು. ಆಮೇಲೆ ಪಿತೃಪಕ್ಷ, ಹಿರಿಯರು ಮನೆಗೆ ಬರುವ ಹೊತ್ತು, ಛೆ. ಆಮೇಲೆ ನವರಾತ್ರಿ. ಕಾರ್ತಿಕದಲ್ಲಿ ನನಗೇ ಮಾಲೆ ಹಾಕಿಸಿ, ಬರಿಗಾಲಲ್ಲಿ ನಡೆಸಿ, ನೆಲದ ಮೇಲೆ ಮಲಗಿಸಿದಳು. ನಾನು ಮಾಲೆ ತೆಗೆದು ಬಂದರೆ ಪುಷ್ಯ ಒಳ್ಳೆಯ ಮಾಸವಲ್ಲವಂತೆ. ನಡುನಡುವೆ ಏಕಾದಶಿ, ಸಂಕಷ್ಟಿ, ಅಮಾವಾಸ್ಯೆ. ಮುಕ್ಕೋಟಿ ದೇವತೆಗಳಲ್ಲಿ ಒಬ್ಬನಾದರೂ ಸಂಸಾರಸ್ಥರ ಪರವಾಗಿ ಒಂದು ವಾರ ಬಿಟ್ಟುಕೊಡಬಾರದೇ? ನನ್ನ ಸಿಟ್ಟು ಉಕ್ಕಿತು. ಪ್ರವಚನಕಾರರು ನನ್ನ ಹೆಂಡತಿಯ ತಲೆಯನ್ನೂ ಕೆಡಿಸಿದ್ದಾರೆ ಎಂದು ಸ್ಟಾಫ್ ರೂಮಿನಲ್ಲಿ ದೊಡ್ಡ ಭಾಷಣ ಮಾಡಿದೆ. ಧರ್ಮ ಹೆಣ್ಣನ್ನು ಹೇಗೆ ಮಂಕು ಮಾಡುತ್ತದೆ ಎಂಬುದಕ್ಕೆ ನನ್ನ ಮನೆಯನ್ನೇ ಉದಾಹರಣೆ ಕೊಟ್ಟೆ. ಸಹೋದ್ಯೋಗಿಗಳು ಮರುಕದಿಂದ ಕೇಳಿದರು.

ಒಂದು ಭಾನುವಾರ ಅವ್ವ ಸಂತೆಗೆ ಹೋಗಿದ್ದಾಗ ಅಡುಗೆಮನೆಗೇ ನುಗ್ಗಿದೆ. ಸುನಂದ ಸೊಪ್ಪು ಬಿಡಿಸುತ್ತಿದ್ದಳು. "ಇವತ್ತು ಯಾವ ವ್ರತ? ನಿನಗೆ ದೇವರು ಹೆಚ್ಚೋ, ನಾನು ಹೆಚ್ಚೋ? ಓದಿದವಳಾಗಿ ಈ ಮೂಢನಂಬಿಕೆಗೆ ನಾಚಿಕೆಯಾಗಲ್ವಾ?" ಎಂದು ಕೂಗಿದೆ.

ಅವಳು ಸೊಪ್ಪು ಕೆಳಗಿಟ್ಟಳು. "ನಂಬಿಕೆ ಅಂತ ಯಾರಂದ್ರು ನಿಮ್ಗೆ? ಡಾಕ್ಟ್ರು ಬ್ಯಾಡ ಅಂದ್ರು, ನೀವು ಕೇಳ್ಳಿಲ್ಲ. ನಾನು ಎಷ್ಟು ಸಲ ಕೈ ಮುಗುದ್ ಕೇಳ್ದೆ, ನೋಡಣ ಅಂದ್ರಿ. ಮಾತ್ರೆ ಒಲೆಗೆ ಹೋಯ್ತು, ಆಗ್ಲೂ ಬಾಯಿ ಬಿಡ್ಲಿಲ್ಲ. ಈ ಮನೇಲಿ ದೇವ್ರು ಬ್ಯಾಡ ಅಂದ್ರೆ ಮಾತ್ರ ನೀವೂ ಕೇಳ್ತೀರಿ, ಅತ್ತೆನೂ ಕೇಳ್ತಾರೆ. ಅದುಕ್ಕೆ ದೇವ್ರ ಕೈಲೇ ಹೇಳುಸ್ತಾ ಇದೀನಿ" ಎಂದಳು. ಆಮೇಲೆ ದನಿ ಇಳಿಸಿ, "ನಂಗೆ ಸಾಯಕ್ಕೆ ಹೆದ್ರಿಕೆ ಕಣ್ರೀ. ಈ ಮಕ್ಳನ್ನ ಬಿಟ್ಟು ಸಾಯಕ್ಕೆ ಹೆದ್ರಿಕೆ" ಎಂದಳು.

ಒಂದು ಹೆಣ್ಣು ಬದುಕಿ ಉಳಿಯುವುದಕ್ಕೆ ವರ್ಷವೆಲ್ಲ ಉಪವಾಸ ಬೀಳಬೇಕೇ? ಮಾತ್ರೆ ನುಂಗಿದರೆ ಪಾಪ, ಹೆತ್ತು ಸತ್ತರೆ ಮುತ್ತೈದೆ ಸಾವು ಎಂದು ಕುಂಕುಮ ಬಳಿದು ಹೊಗಳುವ ಇದು ಯಾವ ಸೀಮೆಯ ಧರ್ಮ? ಪ್ರವಚನಕಾರರನ್ನು ಬೈದೆ, ಜೋಯಿಸರನ್ನು ಬೈದೆ, ಮನಸ್ಸಿನಲ್ಲೇ ಅವ್ವನನ್ನೂ ಬೈದೆ. ಬೈಯಲು ಇನ್ನೊಬ್ಬ ಉಳಿದಿದ್ದ. ಅವನು ಮಾರನೆಯ ದಿನ ರಜೆ ಹಾಕಿ ಬಸ್ಸು ಹತ್ತಿದ.

ಸಕಲೇಶಪುರದಲ್ಲಿ ಎಲ್ಲರಿಗೂ ನನ್ನ ಗುರುತು, ಅದಕ್ಕೇ ಆಲೂರಿನ ಆಸ್ಪತ್ರೆಗೆ ಹೋದೆ. ಅವತ್ತು ಅಲ್ಲಿ ಸಂತಾನಹರಣ ಶಿಬಿರ. ಬಾಗಿಲಲ್ಲೇ ಅಟೆಂಡರ್ ಒಬ್ಬ, "ಹೋ ಮೇಷ್ಟ್ರು! ನನ್ ತಂಗಿ ಮಗಳು ನಿಮ್ಮತ್ರಾನೇ ಸಾರ್ ಓದಾದು! ಆಪರೇಷನ್ನಿಗೆ ಯಾರುನ್ನ ಕರ್ಕಂಡ್ ಬಂದ್ರಿ?" ಎಂದು ಇಡೀ ಸಾಲಿಗೆ ಕೇಳುವಂತೆ ಕೂಗಿದ. "ನನ್ನನ್ನೇ" ಎಂದೆ. ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಒಬ್ಬಾಕೆ ಸರಿದು ಕೂತು ಜಾಗ ಕೊಟ್ಟಳು. ಕೆಲಸ ನಿಜಕ್ಕೂ ಅರ್ಧ ಗಂಟೆಯದೇ. ಒಂದು ವಾರ ಭಾರ ಎತ್ತಬಾರದು, ಇನ್ನು ಮೂರು ತಿಂಗಳು ಹುಷಾರಾಗಿರಬೇಕು, ಆಮೇಲೆ ಬಂದು ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದರು. ವಿಜ್ಞಾನವೂ ಕೊನೆಗೆ ವ್ರತವನ್ನೇ ವಿಧಿಸಿತು.

ಮನೆ ಮುಟ್ಟುವಾಗ ಸಂಜೆ. ದಾರಿಯುದ್ದಕ್ಕೂ ಅವ್ವನಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಸುನಂದಳ ಜೀವ, ನನ್ನ ಕರ್ತವ್ಯ, ಹೆಣ್ಣೇನು ಗಂಡೇನು, ಎಲ್ಲ ಇತ್ತು ಅದರಲ್ಲಿ. ಅವ್ವ ಕಣದಲ್ಲಿ ಒಣಮೆಣಸನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಿದ್ದರು. "ಬಂದ್ಯಾ? ಇಬ್ಬನಿ ಬೀಳಾ ಹೊತ್ಗೆ ಈ ಮೂಟೆ ಒಂಚೂರು ಒಳಿಕ್ಕಾಕು" ಎಂದರು. ಬಾಗಿಲಲ್ಲಿ ಸುನಂದ ಸೆರಗಿನ ತುದಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡೆ.

"ಅವ್ವ, ನಂದೊಂದು ವ್ರತ ಐತೆ. ಒಂದು ವಾರ ಭಾರ ಎತ್ತಂಗಿಲ್ಲ" ಎಂದೆ.

ಅವ್ವನ ಮುಖ ಅರಳಿತು. ಮೆಣಸಿನ ಕೈಯನ್ನು ಸೆರಗಿಗೆ ಒರೆಸಿ ಆಕಾಶಕ್ಕೆ ಮುಗಿದರು. "ಅಂತೂ ನನ್ ಮಗುಂಗೂ ಬುದ್ಧಿ ಬಂತಲ್ಲಪ್ಪ ದೇವ್ರೇ. ಈ ವ್ರತುದ್ ಫಲ ಒಂದು ಗಂಡು ಮಗ ಆಗ್ಬುಡ್ಲಿ" ಎಂದರು.

"ದೇವರಿಚ್ಛೆ" ಎಂದೆ.

ಸುನಂದ ನಗು ತಡೆಯಲಾರದೆ ಬಾಯಿಗೆ ಸೆರಗು ತುರುಕಿಕೊಂಡು ಕಣಕ್ಕೆ ಇಳಿದು ಬಂದಳು. ಮೂಟೆಯ ಒಂದು ತುದಿಯನ್ನು ಅವಳು, ಇನ್ನೊಂದು ತುದಿಯನ್ನು ಅವ್ವ ಹಿಡಿದು ಏದುಸಿರು ಬಿಡುತ್ತ ಒಳಗೆ ಸಾಗಿಸಿದರು. ನಾನು ಕೈಕಟ್ಟಿಕೊಂಡು, ಮೂಟೆ ಹೊಸ್ತಿಲಿಗೆ ತಾಗದ ಹಾಗೆ ದಾರಿ ಬಿಟ್ಟು ನಿಂತೆ.