ಮಸಲ್ ಕಾರಿನ ಮುಖಕ್ಕೆ ನಾನು ಹೂವು ಮುಡಿಸಿದ್ದು

ಅಮೆರಿಕದ ಮಸಲ್ ಕಾರುಗಳ ಬಗ್ಗೆ, ಅಂದರೆ ಭಾರೀ ಎಂಜಿನ್ನಿನ, ಗುಟುರು ಹಾಕಿಕೊಂಡು ಓಡುವ ಕಾರುಗಳ ಬಗ್ಗೆ, ಅಧಿಕಾರದಿಂದ ಮಾತಾಡಬಲ್ಲವನು ಇಡೀ ಶಿವಮೊಗ್ಗದಲ್ಲಿ ನಾನೊಬ್ಬನೇ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ದುರ್ಗಿಗುಡಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಗಿರಾಕಿ ಇಲ್ಲದಾಗ ಫೋನಿನಲ್ಲಿ ಕಾರಿನ ವಿಡಿಯೋ ನೋಡುತ್ತೇನೆ, ಗಿರಾಕಿ ಬಂದಾಗ ನೋಡಿದ್ದನ್ನು ಅವರಿಗೆ ಹೇಳುತ್ತೇನೆ. ಕಣ್ಣು ಪರೀಕ್ಷೆಗೆ ಕೂತವರು ಗದ್ದ ಊರಿಕೊಂಡು ಅಲ್ಲಾಡದೆ ಕೂರಬೇಕು. ಎದ್ದು ಹೋಗುವಂತಿಲ್ಲ! ಹೀಗಾಗಿ ನನ್ನ ಅಭಿಪ್ರಾಯಗಳಿಗೆ ಇದುವರೆಗೆ ಯಾರೂ ಎದುರಾಡಿರಲಿಲ್ಲ. ನಾನು ಸ್ವತಃ ಓಡಿಸುವುದು ಎಸಿ ಹಾಕಿದರೆ ಏರು ಹತ್ತದ ಒಂದು ಹಳೆಯ ಪುಟ್ಟ ಕಾರನ್ನು. ಅದು ಬೇರೆ ವಿಷಯ.

ಒಂದು ಕಾರಿನ ಮೇಲೆ ಮಾತ್ರ ನನಗೆ ವಿಶೇಷ ಸಿಟ್ಟಿತ್ತು. ಹೆಸರು ಹೇಳುವುದಿಲ್ಲ, ನನ್ನಿಂದಾಗಿ ಅದರ ಮಾನ ಈಗಾಗಲೇ ಸಾಕಷ್ಟು ಹೋಗಿದೆ. ಅದರ ಹಳೆಯ ಅವತಾರವೆಂದರೆ ನನಗೆ ಪ್ರಾಣ. ಅಗಲ ಬಾಯಿ, ಗಂಟಿಕ್ಕಿದ ಹುಬ್ಬು, ಈಗ ಎದ್ದು ಬಂದು ಹೊಡೆಯುತ್ತದೇನೋ ಅನ್ನಿಸುವ ಮುಖ. ಕಂಪನಿಯವರು ಸುಮ್ಮನಿರಲಾರದೆ ಅದನ್ನು ಹೊಸದಾಗಿ ರೂಪಿಸಿಬಿಟ್ಟರು. ದೀಪಗಳು ಸಣ್ಣಗಾದವು, ಮೂತಿ ಚಪ್ಪಟೆಯಾಯಿತು. ಒಳಗೆ ಮುಳ್ಳು ತಿರುಗುವ ದುಂಡನೆಯ ಮೀಟರುಗಳಿದ್ದ ಜಾಗದಲ್ಲಿ ಉದ್ದಕ್ಕೆ ಟಿವಿಯೊಂದನ್ನು ಮಲಗಿಸಿದರು.

"ಎಂಜಿನ್ ಎಂಟು ಸಿಲಿಂಡರಿಂದೇ, ಶಕ್ತಿಗೇನೂ ಕಮ್ಮಿ ಇಲ್ಲ. ಆದ್ರೆ ಆ ಮುಖ? ಕನ್ನಡಕ ಮರೆತು ಬಂದವನು ಬಸ್ಸಿನ ಬೋರ್ಡ್ ಓದೋ ಥರ ಇದೆ!" ಎಂದು ಕಂಡವರಿಗೆಲ್ಲ ಹೇಳುತ್ತಿದ್ದೆ.

ಹೀಗಿರುವಾಗ ನನ್ನ ಹೆಂಡತಿ ಸುಧಾಳ ಅಣ್ಣ ನಾಗರಾಜನ ಮಗನಿಗೆ ಮದುವೆ ನಿಶ್ಚಯವಾಯಿತು. ಹುಡುಗ ಕಾರ್ತಿಕ್, ದನದ ಡಾಕ್ಟರು. ಹುಡುಗಿ ದೀಪಾ, ಭದ್ರಾವತಿಯವಳು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರ ಮಗಳು. ಮದುವೆಯೂ ಭದ್ರಾವತಿಯಲ್ಲೇ. ಮದುವೆಯ ಹಿಂದಿನ ಸಂಜೆ ಕಾರ್ತಿಕನ ಗೆಳೆಯ ವಿನಯ್ ಎಂಬ ಹುಡುಗ ದಾವಣಗೆರೆಯಿಂದ ತನ್ನ ಕಾರು ತಂದು ವಿದ್ಯಾನಗರದ ನಾಗರಾಜನ ಮನೆಯ ಮುಂದೆ ನಿಲ್ಲಿಸಿದ. ಮದುಮಗನನ್ನು ಅದರಲ್ಲೇ ಕರೆದೊಯ್ಯುತ್ತಾನಂತೆ. ನೋಡುತ್ತೇನೆ, ಅದೇ ಕಾರು! ಅದೇ ಹೊಸ ಮುಖ!

ಬೀದಿಯವರೆಲ್ಲ ಸುತ್ತ ನೆರೆದಿದ್ದರು. ಇಂಥ ಸಭೆಯಲ್ಲಿ ತಜ್ಞನಾದವನು ಸುಮ್ಮನಿರುವುದು ಸರಿಯಲ್ಲವೆಂದು ನಾನು ಮುಂದೆ ಹೋಗಿ, ದೀಪದಿಂದ ಹಿಡಿದು ಟಿವಿಯವರೆಗೆ ನನ್ನ ಆಕ್ಷೇಪಣೆಗಳನ್ನೆಲ್ಲ ಮಂಡಿಸಿದೆ. ವಿನಯ್ ಪಾಪ, ಮನೆಗೆ ಬಂದ ಅತಿಥಿ. "ಹೌದಾ ಅಂಕಲ್?" ಎಂದು ಕೇಳಿಸಿಕೊಂಡ.

"ಚಿಂತೆ ಮಾಡ್ಬೇಡ ಮಾರಾಯ. ಅಲಂಕಾರ ನನಗೆ ಬಿಡು. ಆ ಮುಖ ಯಾರಿಗೂ ಕಾಣದ ಹಾಗೆ ಮಾಡ್ತೀನಿ," ಎಂದು ಧೈರ್ಯ ಹೇಳಿದೆ.

ಬೆಳಿಗ್ಗೆ ಹೂವಿನವನನ್ನು ಮನೆಗೇ ಕರೆತಂದೆ. ಅವನು ಎಲ್ಲ ಮದುವೆ ಕಾರಿಗೂ ಮಾಡುವಂತೆ ಬಾನೆಟ್ ಮೇಲೆ ಒಂದು ಹಾರ ಇಳಿಬಿಟ್ಟು ಹೊರಟಿದ್ದ. ನಾನು ತಡೆದು, ಮೂತಿಯ ತುಂಬ ಚೆಂಡು ಹೂವಿನ ಹಾರಗಳನ್ನು ಒಂದರ ಮೇಲೊಂದು ಒತ್ತಾಗಿ ಕಟ್ಟಿಸಿದೆ. ಸಂದುಗಳಿಗೆಲ್ಲ ಮಾವಿನ ಸೊಪ್ಪು ತುರುಕಿಸಿದೆ. "ಗಾಳಿಯೂ ತೂರಬಾರ್ದು!" ಎಂದು ಅಪ್ಪಣೆ ಕೊಡಿಸಿದೆ. ತೂರಲಿಲ್ಲ.

ಸ್ನಾನ ಮುಗಿಸಿ ಬಂದ ವಿನಯ್ ತನ್ನ ಕಾರನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಅಂಕಲ್, ಮುಂದುಗಡೆ ಸೆನ್ಸರ್ ಇದೆ. ಎಂಜಿನ್‌ಗೆ ಗಾಳಿನೂ ಅಲ್ಲಿಂದ್ಲೇ ಹೋಗ್ಬೇಕು. ಸ್ವಲ್ಪ ತೆಗೆಸಿ..."

ತೆಗೆಸುವುದೆ? ಬೀದಿಯವರ ಎದುರಿಗೆ? ನನಗೆ ಸುರ್ರೆಂದು ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಒಂದು ಮಾತು ಹೊರಬಿತ್ತು. "ದಿಬ್ಬಣದ ಗಾಡಿಗೆ ಒಮ್ಮೆ ಕಟ್ಟಿದ ಹಾರಾನ ಧಾರೆ ಆಗೋ ತನಕ ಮನುಷ್ಯರು ಬಿಚ್ಚೋ ಹಾಗಿಲ್ಲ ಕಣಪ್ಪ. ಅಪಶಕುನ!"

ಈ ಶಾಸ್ತ್ರ ಯಾವ ಗ್ರಂಥದಲ್ಲೂ ಇಲ್ಲ. ನನ್ನ ಬಾಯಲ್ಲಿ ಆಗತಾನೇ ಹುಟ್ಟಿದ್ದು. ಆದರೆ ಜಗಲಿಯಲ್ಲಿ ನನ್ನ ಅತ್ತೆ, ಅಂದರೆ ಮದುಮಗನ ಅಜ್ಜಿ, ಕೂತಿದ್ದರು. ಅವರಿಗೆ ಅಳಿಯನ ಬಾಯಿಂದ ಬಂದದ್ದೆಲ್ಲ ವೇದವಾಕ್ಯ. "ಕೇಳಿಸ್ಕೊಂಡ್ರಾ ಎಲ್ಲಾರೂ? ಅಳಿಯಂದಿರು ಹೇಳಿದಾರೆ, ಯಾರೂ ಹಾರ ಮುಟ್ಟಬೇಡಿ!" ಎಂದು ಸಾರಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ.

ದಿಬ್ಬಣ ಹೊರಟಿತು. ಕಾರಿಗೆ ಇರುವುದು ಎರಡೇ ಬಾಗಿಲು. ವಿನಯ್ ಓಡಿಸಲು ಕೂತ, ಪಕ್ಕದಲ್ಲಿ ಕಾರ್ತಿಕ್. ಪೇಟ ಚಾವಣಿಗೆ ತಗಲುತ್ತಿದ್ದುದರಿಂದ ಮದುಮಗನ ಕತ್ತು ಒಂದು ಕಡೆಗೆ ವಾಲಿತ್ತು. ಅವನಿಗೆ ಅಕ್ಕತಂಗಿಯರಿಲ್ಲ, ಹಾಗಾಗಿ ಕಲಶ ಹಿಡಿದು ಹಿಂದೆ ಕೂತವಳು ಸೋದರತ್ತೆ ಸುಧಾ. ಅವಳ ಪಕ್ಕದಲ್ಲಿ ಹಣ್ಣಿನ ತಟ್ಟೆ, ಅದರ ಪಕ್ಕದಲ್ಲಿ ನಾನು. ನನ್ನನ್ನು ಯಾರೂ ಕರೆದಿರಲಿಲ್ಲ. ಕಾರಿನ ಓಟದ ಬಗ್ಗೆಯೂ ಒಂದು ಅಭಿಪ್ರಾಯ ರೂಪಿಸಬೇಕಲ್ಲ ಎಂದು ನಾನೇ ತೂರಿಕೊಂಡೆ. ಮಂಡಿ ಬಂದು ಗದ್ದಕ್ಕೆ ತಾಗಿತು. ನಮ್ಮ ಹಿಂದೆ ಬಸ್ಸಿನಲ್ಲಿ ನಾಗರಾಜ, ಅತ್ತೆ, ಉಳಿದ ಬಂಧುಬಳಗ. ಮದುಮಗನ ಗಾಡಿಯನ್ನು ಬಸ್ಸು ದಾಟಬಾರದು. ಇದು ನನ್ನ ಶಾಸ್ತ್ರವಲ್ಲ, ನಿಜವಾದದ್ದೇ.

ಮಲವಗೊಪ್ಪ ದಾಟುತ್ತಿದ್ದಂತೆ ಕಾರು ಕಿರ್ರೋ ಎಂದು ಕಿರುಚಿತು. ಟಿವಿಯಲ್ಲಿ ಕೆಂಪು ದೀಪ ಹತ್ತಿತು. ವಿನಯ್ ಬ್ರೇಕ್ ಮುಟ್ಟುವ ಮೊದಲೇ ಕಾರು ತಾನಾಗಿ ಗಕ್ಕನೆ ನಿಂತಿತು. ಕಲಶದ ನೀರು ನನ್ನ ಕುತ್ತಿಗೆಗೆ! ಹಿಂದೆ ಬಸ್ಸಿನ ಟೈರು ಕೂಡ ಕಿರುಚಿತು.

"ಯಾಕೋ ನಿಲ್ಲಿಸ್ದೆ? ರಸ್ತೆ ಖಾಲಿ ಇದೆಯಲ್ಲ?"

"ನಾನಲ್ಲ ಅಂಕಲ್. ಎದುರಿಗೆ ಏನೋ ಅಡ್ಡ ಇದೆ ಅಂತ ಕಾರಿಗೆ ಅನ್ನಿಸ್ತಿದೆ."

"ಏನಿದೆ?"

"ನಿಮ್ಮ ಹೂವು."

ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಕಿರುಚಾಟ, ಮತ್ತೆ ಗಕ್ಕು. ಈ ಸಲ ನೀರು ನನ್ನ ಎದೆಯ ಮೇಲೆ. "ರೀ, ಹಾರ ತೆಗೆಸ್ತೀರೋ, ಇಲ್ಲ ಕಲಶ ನೀವೇ ಹಿಡ್ಕೋತೀರೋ?" ಎಂದು ಸುಧಾ ಹಲ್ಲು ಕಚ್ಚಿ ಕೇಳಿದಳು. ಅಷ್ಟರಲ್ಲಿ ವಿನಯ್ ಟಿವಿಯಲ್ಲಿ ಎಲ್ಲೋ ಒತ್ತಿ, ಆ ತಾನಾಗಿ ನಿಲ್ಲುವ ಏರ್ಪಾಟನ್ನೇ ಆಫ್ ಮಾಡಿಬಿಟ್ಟ. ಕಾರು ತೆಪ್ಪಗೆ ಓಡತೊಡಗಿತು. "ನೋಡಿದ್ಯಾ? ಯಂತ್ರ ಹೇಳಿದ ಹಾಗೆ ನಾವು ಕುಣೀಬಾರ್ದು!" ಎಂದು ನಾನು ಒದ್ದೆ ಎದೆ ಉಬ್ಬಿಸಿದೆ.

ನಿದಿಗೆ ಊರು ದಾಟಿದ ಮೇಲೆ ಎದೆ ತನ್ನಷ್ಟಕ್ಕೆ ಇಳಿಯಿತು. ಎಂಜಿನ್ ಬಿಸಿಯಾಗುತ್ತಿದೆ ಎಂದು ಟಿವಿ ತೋರಿಸತೊಡಗಿತು. ವಿನಯ್ ಎಸಿ ಆಫ್ ಮಾಡಿದ. ಇನ್ನೂ ಬಿಸಿ. ಮಾತು ನಿಲ್ಲಿಸಿ ಬರೀ ಅದನ್ನೇ ನೋಡಿಕೊಂಡು ಓಡಿಸಿದ. ಮಾಚೇನಹಳ್ಳಿ ಹತ್ತಿರ ಬಂದಾಗ "ನಿಲ್ಲಿಸಿ" ಎಂದು ಟಿವಿಯೇ ಆಜ್ಞೆ ಮಾಡಿತು. ಮರದ ಕೆಳಗೆ ನಿಲ್ಲಿಸಿ ಇಳಿದೆವು. ಹಿಂದೆ ಬಸ್ಸೂ ನಿಂತಿತು, ನಾಗರಾಜ ಇಳಿದು ಬಂದ. ಹೂವಿನಿಂದ ಬೆಂದ ಸೊಪ್ಪಿನ ವಾಸನೆ ಬರುತ್ತಿತ್ತು.

"ಅಂಕಲ್, ಎಂಜಿನ್‌ಗೆ ಉಸಿರು ಕಟ್ಟಿದೆ. ಹಾರ ಇಟ್ಕೊಂಡು ಇನ್ನು ಹೋಗೋಕಾಗಲ್ಲ. ಎಂಜಿನ್ನೇ ಹೋಗಿಬಿಡತ್ತೆ," ಎಂದ ವಿನಯ್.

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅಷ್ಟು ಹೊತ್ತಿಗೆ ಹುಡುಗಿಯ ತಂದೆಯ ಫೋನು. ಮುಹೂರ್ತ ಹತ್ತಿರ ಬಂತು, ಎಲ್ಲಿದ್ದೀರಿ ಎಂದು. ನಾಗರಾಜ "ಬಂದೇಬಿಟ್ವಿ" ಎಂದು ಸುಳ್ಳು ಹೇಳುತ್ತಾ ನನ್ನನ್ನೇ ದುರುಗುಟ್ಟಿ ನೋಡಿದ. ನಾನು ಓಡಿಹೋಗಿ ಹಾರದ ಗಂಟಿಗೆ ಕೈ ಹಾಕಿದೆ.

"ಅಳಿಯಂದಿರೇ!"

ಅತ್ತೆ ಬಸ್ಸಿನಿಂದ ಇಳಿದು ನಿಂತಿದ್ದರು. "ಏನು ಮಾಡ್ತಿದೀರಿ? ಧಾರೆ ಆಗೋ ತನಕ ಬಿಚ್ಚೋ ಹಾಗಿಲ್ಲ ಅಂತ ನೀವೇ ಹೇಳಿದ್ರಲ್ಲ?"

"ಅಮ್ಮ, ಅದು... ಅಂಥ ದೊಡ್ಡ ಶಾಸ್ತ್ರವೇನಲ್ಲ..."

"ಬೆಳಿಗ್ಗೆ ಅಪಶಕುನ ಅಂದ್ರಿ. ಮಾಚೇನಹಳ್ಳಿಗೆ ಬರೋಷ್ಟರಲ್ಲಿ ಶಾಸ್ತ್ರ ಬದಲಾಯ್ತಾ? ನನ್ನ ಮೊಮ್ಮಗನ ಜೀವನದ ಪ್ರಶ್ನೆ!"

"ಹಾಗಾದ್ರೆ ಹುಡುಗ ಬಸ್ ಹತ್ತಲಿ," ಎಂದ ನಾಗರಾಜ.

"ಹಾರ ಬಿಚ್ಚೋದೇ ಅಪಶಕುನ ಅಂದ್ಮೇಲೆ ಗಾಡಿನೇ ಬಿಟ್ಟು ಹೋಗೋದು ಶುಭವೇನೋ? ಅಳಿಯಂದಿರೇ, ನೀವೇ ಹೇಳಿ!"

ಎಲ್ಲರೂ ನನ್ನತ್ತ ತಿರುಗಿದರು. ಒಂದೇ ಒಂದು ವಾಕ್ಯ ಸಾಕಿತ್ತು: "ಅಮ್ಮ, ಅದು ನಾನು ಕಟ್ಟಿದ ಸುಳ್ಳು." ಆ ವಾಕ್ಯ ಗಂಟಲವರೆಗೂ ಬಂತು. ಬೀಗರಿಗೆ ಫೋನು ಹಿಡಿದ ನಾಗರಾಜ, ಬಸ್ಸಿನ ಕಿಟಕಿಗಳಲ್ಲಿ ತುಂಬಿದ್ದ ಮುಖಗಳು, ಎಲ್ಲವನ್ನೂ ನೋಡಿ ವಾಪಸ್ ಹೋಯಿತು. ಒಬ್ಬ ಹುಡುಗನ ಮದುವೆ ನನ್ನ ಬಾಯಿಂದಾಗಿ ರಸ್ತೆ ಬದಿಯಲ್ಲಿ ನಿಂತಿದೆ, ಆದರೂ ನನಗೆ ನಾಲಗೆ ಹೊರಳುತ್ತಿಲ್ಲ! ಆ ಗಳಿಗೆಯಲ್ಲಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕಾರ್ತಿಕನ ಫೋನು ರಿಂಗಾಯಿತು. ದೀಪಾಳ ದನಿ ನಮಗೆಲ್ಲ ಕೇಳಿಸಿತು. "ನೀವು ಬರ್ತೀರೋ, ಇಲ್ಲ ನಾನೇ ಬಸ್ ಹತ್ತಿ ಅಲ್ಲಿಗೆ ಬರ್ಲೋ?"

ಆಗ ರಸ್ತೆಯ ಆಚೆ ಒಂದು ಹಸು ಕಂಡಿತು.

ನಾನು ಬೆಳಿಗ್ಗೆ ಏನೆಂದಿದ್ದೆ? ಮನುಷ್ಯರು ಬಿಚ್ಚೋ ಹಾಗಿಲ್ಲ. ಮನುಷ್ಯರು! ಹಣ್ಣಿನ ತಟ್ಟೆಯಿಂದ ಬಾಳೆಹಣ್ಣಿನ ಚಿಪ್ಪೊಂದನ್ನು ಎತ್ತಿಕೊಂಡು ಓಡಿದೆ. ಒಂದೊಂದೇ ಹಣ್ಣು ತೋರಿಸುತ್ತಾ, ಹಿಮ್ಮುಖವಾಗಿ ನಡೆಯುತ್ತಾ, ಹಸುವನ್ನು ಕಾರಿನ ಮುಂದೆ ತಂದು ನಿಲ್ಲಿಸಿದೆ. ಅದು ಹಣ್ಣನ್ನೆಲ್ಲ ತಿಂದು ಮುಗಿಸಿ, ಹೂವನ್ನು ಮೂಸಿ, ಮುಖ ತಿರುಗಿಸಿತು. ಅದಕ್ಕೂ ಆ ಅಲಂಕಾರ ಹಿಡಿಸಲಿಲ್ಲ!

"ತಿನ್ನಮ್ಮ, ತಿನ್ನು ತಾಯಿ," ಎಂದು ಹಾರದ ತುದಿಯನ್ನು ಅದರ ಮೂತಿಗೆ ಹಿಡಿದೆ. ಕೊನೆಗೆ ನಾನೇ ಒಂದು ಚೆಂಡು ಹೂವು ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದೆ.

"ರೀ, ಬಸ್ಸಿನವರೆಲ್ಲ ವಿಡಿಯೋ ತೆಗೀತಿದಾರೆ!" ಎಂದಳು ಸುಧಾ.

ಹಸುವಿಗೆ ನನ್ನ ಮೇಲೆ ಕನಿಕರ ಹುಟ್ಟಿರಬೇಕು. ಮಾವಿನ ಸೊಪ್ಪಿಗೆ ಬಾಯಿ ಹಾಕಿ ಜಗ್ಗಿತು. ಒಂದು ಹಾರ ಕಿತ್ತಿತು, ಅದಕ್ಕೆ ಸಿಕ್ಕಿಕೊಂಡಿದ್ದ ಇನ್ನೊಂದು, ಮತ್ತೊಂದು! ಅತ್ತೆ ಎರಡೂ ಕೈ ಜೋಡಿಸಿ "ಗೋಮಾತೆನೇ ಬಂದು ಸ್ವೀಕಾರ ಮಾಡಿದ್ಲು! ಇನ್ನು ದೋಷ ಇಲ್ಲ!" ಎಂದರು. ನನಗೆ ಹೋದ ಜೀವ ಬಂತು.

"ಮಾವ! ದಾರ!"

ಕಾರ್ತಿಕ್ ಓಡಿ ಬಂದ. "ಪ್ಲಾಸ್ಟಿಕ್ ದಾರ ಅದು, ನುಂಗಿದ್ರೆ ಹೊಟ್ಟೇಲಿ ಸಿಕ್ಕಾಕ್ಕೊಳ್ಳತ್ತೆ! ತಲೆ ಹಿಡ್ಕೊಳ್ಳಿ!"

"ಮುಹೂರ್ತ ಕಣೋ!" ಎಂದೆ ನಾನು.

"ಇದಕ್ಕೆ ಏನಾದ್ರೂ ಆದ್ರೆ ನಾನು ಮಂಟಪಕ್ಕೇ ಬರಲ್ಲ. ಹಿಡ್ಕೊಳ್ಳಿ ಅಂದೆ!"

ನಾನು ಹಸುವಿನ ಕತ್ತು ತಬ್ಬಿಕೊಂಡೆ. ಬಾಸಿಂಗ ಕಟ್ಟಿದ ಮದುಮಗ ರೇಷ್ಮೆ ಪಂಚೆ ಎತ್ತಿ ಕಟ್ಟಿ, ಹಸುವಿನ ಕಟವಾಯಿಗೆ ಬೆರಳು ಹಾಕಿ, ದಾರ ಹರಿಯದ ಹಾಗೆ ಮೆಲ್ಲಮೆಲ್ಲನೆ ಎಳೆಯತೊಡಗಿದ. ದಾರ ಬಂತು, ಬರುತ್ತಲೇ ಇತ್ತು, ಮುಗಿಯಲೊಲ್ಲದು. ಫೋನು ಬಡಿದುಕೊಳ್ಳುತ್ತಿತ್ತು, ಯಾರೂ ಎತ್ತಲಿಲ್ಲ. ಕೊನೆಯ ತುದಿ ಹೊರಬಂದಾಗ ಹಸು ಕೃತಜ್ಞತೆಯಿಂದ ಅವನ ಶಲ್ಯವನ್ನು ಮೇಲಿನಿಂದ ಕೆಳಗಿನವರೆಗೆ ನೆಕ್ಕಿ, ನನ್ನ ಕಾಲು ತುಳಿದು ಹೊರಟುಹೋಯಿತು.

ಅಳಿದುಳಿದ ಹೂವನ್ನು ವಿನಯ್ ಯಾರನ್ನೂ ಕೇಳದೆ ಕಿತ್ತೆಸೆದ. ಎಂಜಿನ್ ತಣ್ಣಗಾಗಲು ಕಾಯುತ್ತಾ ನಾನು ಆ ಕಾರಿನ ಮುಖವನ್ನು ಮೊದಲ ಬಾರಿಗೆ ಫೋನಿನ ಹೊರಗೆ, ನೆಟ್ಟಗೆ ನೋಡಿದೆ. ಸಣ್ಣ ದೀಪಗಳು, ಉದ್ದನೆಯ ಬಾನೆಟ್, ಬಿಗಿದ ತುಟಿ. ಚೆನ್ನಾಗಿತ್ತು. ತುಂಬಾ ಚೆನ್ನಾಗಿತ್ತು! ಇಷ್ಟು ದಿನ ಊರಿಗೆಲ್ಲ ಕನ್ನಡಕ ಕೊಟ್ಟವನು ನಾನು.

ಆಮೇಲೆ ವಿನಯ್ ಓಡಿಸಿದ ಪರಿ ನೋಡಬೇಕಿತ್ತು. ಬೆನ್ನು ಸೀಟಿಗೆ ಅಂಟಿಕೊಂಡಿತು, ಕಲಶದಲ್ಲಿ ಉಳಿದಿದ್ದ ಕೊನೆಯ ಗುಟುಕೂ ನನ್ನ ಅಂಗಿಗೆ ಬಂತು. ಭದ್ರಾವತಿಯ ಸೇತುವೆ ಯಾವಾಗ ಬಂತು, ಯಾವಾಗ ಹೋಯಿತು, ಗೊತ್ತಾಗಲಿಲ್ಲ. ಓಟದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ನಾನು ಕಣ್ಣು ಮುಚ್ಚಿಕೊಂಡಿದ್ದೆ. ಛತ್ರದ ಬಾಗಿಲಲ್ಲಿ ಪುರೋಹಿತರು "ಬೇಗ, ಬೇಗ!" ಎಂದು ಕೈ ಬೀಸುತ್ತಿದ್ದರು. ಕಾರ್ತಿಕ್ ಹಾಗೇ ಓಡಿ ಮಣೆಯ ಮೇಲೆ ನಿಂತ. ದೀಪಾ ಒಮ್ಮೆ ಮೂಸಿದಳು. "ಹಸುವಾ?" ಎಂದಳು. "ಹ್ಞೂಂ," ಎಂದ. ಅವಳು ನಕ್ಕುಬಿಟ್ಟಳು. ಅಷ್ಟರಲ್ಲಿ ಬಸ್ಸಿನವರೂ ಬಂದು ಸೇರಿದರು. ಮುಹೂರ್ತ ಮೀರುವ ಮೊದಲೇ ಧಾರೆ ಆಯಿತು. ನಾನು ಕಂಬದ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡೆ.

ಮದುಮಗನ ಶಲ್ಯದ ಮೇಲಿನ ಹಸಿರು ಗೆರೆ ಏನೆಂದು ಬೀಗರು ಊಟದ ಹೊತ್ತಿನಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ಅತ್ತೆ ಹೆಮ್ಮೆಯಿಂದ ವಿವರಿಸಿದರು. "ನಮ್ಮಲ್ಲಿ ದಿಬ್ಬಣದ ಹಾರಾನ ನಡುದಾರೀಲಿ ಹಸು ತಿನ್ಬೇಕು. ಮದುಮಗ ಕೈಯಾರೆ ಅದರ ಬಾಯಿ ಮುಟ್ಟಬೇಕು. ನಮ್ಮ ಅಳಿಯಂದಿರು ಹೇಳಿಕೊಟ್ಟ ಶಾಸ್ತ್ರ." ಬೀಗರು "ಒಳ್ಳೇ ಸಂಪ್ರದಾಯ" ಎಂದು ತಲೆದೂಗಿದರು. ಸುಧಾ ನನ್ನ ಎಲೆಗೆ ಹೋಳಿಗೆ ಬಡಿಸಲು ಬಂದವರನ್ನು ಕೈಸನ್ನೆ ಮಾಡಿ ಮುಂದೆ ಕಳಿಸಿದಳು.

ಬರುವ ತಿಂಗಳು ನನ್ನ ನಾದಿನಿಯ ಮಗನ ಮದುವೆ. ಯಾವ ಕಾರು ತರಿಸಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ. ಹಸುವಿಗೆ ಮಾತ್ರ ಈಗಲೇ ಹೇಳಿಟ್ಟಿದ್ದಾರೆ. ಅದರ ಹಗ್ಗ ಹಿಡಿಯುವ ಕೆಲಸ ನನ್ನದು.