ಸಾಕಕ್ಕನ ಕಪ್ಪುಬಿಳುಪು ಫ್ಲೆಕ್ಸು

ಶ್ರೀರಂಗಪಟ್ಟಣ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದು ಹಟ ಹಿಡಿದವನು ಹೊಟ್ಟೆಪಾಡಿಗೆ ಏನಾದರೂ ಮಾಡಲೇಬೇಕು. ನಾನು ಸಮಾಜಸೇವಾ ಸಂಸ್ಥೆಗಳಿಗೆ ಪ್ರಚಾರ ಮಾಡಿಕೊಡುವ ಕೆಲಸ ಶುರುಮಾಡಿದೆ. ಯಾರ ಕೈಕೆಳಗೂ ಅಲ್ಲ, ಸ್ವತಂತ್ರವಾಗಿ! ಗಂಜಾಂನ ನಮ್ಮ ಮನೆಯ ಮುಂದಿನ ಕೋಣೆಯೇ ಆಫೀಸು. ಕಿಟಕಿ ತೆರೆದರೆ ನಿಮಿಷಾಂಬೆಯ ಗುಡಿಗೆ ಹೋಗುವ ಭಕ್ತರು, ಮುಚ್ಚಿದರೆ ಸೆಕೆ. ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ ‘ಸಂವಹನ ತಜ್ಞ’ ಎಂದು ಅಚ್ಚು ಹಾಕಿಸಿದ್ದೆ.

ಪಕ್ಕದ ಮನೆಯ ರಾಜಣ್ಣ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. “ಅಂದ್ರೆ ಆಟೋಗೆ ಮೈಕ್ ಕಟ್ಕೊಂಡು ಕೂಗೋದಾ?”

“ಅಲ್ಲ ರಾಜಣ್ಣ, ಜನರ ಮನಸ್ಸು ಮುಟ್ಟೋದು.”

“ಕೂಗ್ದಂಗೇ ಮುಟ್ಟಬೇಕಾ? ಬುಡು, ಕಷ್ಟ ಅದೆ.”

ಕಷ್ಟವೇನೂ ಇಲ್ಲ ಎಂದು ತೋರಿಸುವ ಅವಕಾಶ ನನಗೆ ಸಾಕಕ್ಕನಿಂದ ಸಿಕ್ಕಿತು. ಆ ಪುಣ್ಯಾತ್ಗಿತ್ತಿ ನನಗೆ ಆ ಅವಕಾಶ ಕೊಡಬಾರದಿತ್ತು.

ಸಾಕಕ್ಕ, ಅಂದರೆ ಸಾಕಮ್ಮ, ನಾಗಮಂಗಲ ತಾಲ್ಲೂಕಿನವರು. ಹೊಣಕೆರೆಯ ಹತ್ತಿರದ ಒಂದು ಹಳ್ಳಿಯಲ್ಲಿ, ಕಾಲು ಸ್ವಾಧೀನವಿಲ್ಲದ ಮಕ್ಕಳಿಗೆ ನಡಿಗೆ ಕಲಿಸುತ್ತಿದ್ದರು. ತಮ್ಮ ಮಗಳಿಗಾಗಿ ಮೈಸೂರಿನ ಆಸ್ಪತ್ರೆಗೆ ಅಲೆದು ಅಲೆದು ಕಲಿತ ವ್ಯಾಯಾಮ ಅದು. ಮಗಳು ನಡೆದಳು, ಮದುವೆಯಾಗಿ ಹೋದಳು. ಅಕ್ಕ ಮಾತ್ರ ಬೇರೆಯವರ ಮಕ್ಕಳನ್ನು ನಡೆಸುತ್ತ ಉಳಿದರು. ಒಂದು ಪುಟ್ಟ ಟ್ರಸ್ಟು, ಒಂದು ಕೊಠಡಿ, ಹಿಡಿದು ನಡೆಯಲು ಎರಡು ಉದ್ದನೆಯ ಕಬ್ಬಿಣದ ಸರಳು, ಹನ್ನೊಂದು ಮಕ್ಕಳು. ಅವರ ಸಂಸ್ಥೆ ಅಂದರೆ ಇಷ್ಟೇ.

ಆ ಕೊಠಡಿ ಊರಿನ ಚೆಲುವೇಗೌಡರದು. ಬಾಡಿಗೆ ಕೇಳದೆ ಬಿಟ್ಟುಕೊಟ್ಟಿದ್ದರು. ಈಗ ಗೊಬ್ಬರದ ಅಂಗಡಿಯವರು ಗೋದಾಮಿಗೆ ಕೇಳಿದ್ದಾರೆ. ಗೌಡರು ನ್ಯಾಯವಾದ ಮಾತನ್ನೇ ಹೇಳಿದ್ದರಂತೆ: “ಊರಿಗೆ ಬೇಕು ಅಂದ್ರೆ ಊರೋರು ಬಂದು ಏಳ್ಲಿ. ಭಾನ್ವಾರ ನಾನೇ ಬತ್ತೀನಿ. ಯಾರೂ ಬರ್ನಿಲ್ಲ ಅಂದ್ರೆ ಬೀಗದ ಕೈ ಕೊಟ್ಬುಡು.”

ಸಾಕಕ್ಕ ಫೋನಿನಲ್ಲಿ ಹೇಳಿದ್ದೂ ಅಷ್ಟೇ. “ಭಾನ್ವಾರ ಬೆಳಿಗ್ಗೆ ಅತ್ತು ಗಂಟೆಗೆ ಜನ ಬರ್ಬೇಕು ಕಣಪ್ಪಾ. ನಾನು ಈ ಮಕ್ಳಲ್ಲಿ ಪವಿತ್ರ ಅನ್ನೋಳ್ನ ಕರ್ಕೊಂಡು ಮೈಸೂರು ಆಸ್ಪತ್ರೇಲಿ ಇರ್ತೀನಿ, ಭಾನ್ವಾರ ಬೆಳಿಗ್ಗೇನೇ ಬರೋದು. ಜನ ಕರೆಯೋ ಜವಾಬ್ದಾರಿ ನಿಂದು.”

“ನಿಶ್ಚಿಂತೆಯಿಂದ ಇರಿ ಅಕ್ಕ!” ಎಂದೆ. ಈ ಮಾತನ್ನು ಜೀವನದಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ, ಅವರೆಲ್ಲರ ಕ್ಷಮೆ ಕೋರುತ್ತೇನೆ.

ನಾನು ಆನ್‌ಲೈನ್ ತರಬೇತಿಯೊಂದನ್ನು ಆಗಷ್ಟೇ ಮುಗಿಸಿದ್ದೆ. ಬಣ್ಣ ತೆಗೆದರೆ ಭಾವ ಬರುತ್ತದೆ, ಮಾತು ಕಡಿಮೆ ಮಾಡಿದರೆ ಪರಿಣಾಮ ಹೆಚ್ಚುತ್ತದೆ ಎಂಬುದು ಅದರ ಸಾರ. ಸಾಕಕ್ಕನ ಮುಖವನ್ನು ದೊಡ್ಡದು ಮಾಡಿ ಕಪ್ಪುಬಿಳುಪಿಗೆ ತಿರುಗಿಸಿದೆ. ಮೇಲೆ ‘ಸಾಕಮ್ಮನವರಿಲ್ಲದ ಊರು?’ ಎಂಬ ಒಂದೇ ಸಾಲು. ಕೆಳಗೆ ‘ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಅವರ ಕೊಠಡಿಯ ಮುಂದೆ, ಎಲ್ಲರೂ ಬನ್ನಿ.’

ಹೆಂಡತಿ ಸುಮಳಿಗೆ ತೋರಿಸಿದೆ. ಅವಳು ಸೌಟು ಹಿಡಿದುಕೊಂಡೇ ಬಂದು ನೋಡಿದಳು.

“ಅಯ್ಯೋ, ಯಾವಾಗ ಹೋದ್ರು?”

“ಯಾರು?”

“ಈಯಮ್ಮ.”

“ಹೋಗಿಲ್ಲ ಕಣೇ! ಇದು ಕಲೆ.”

“ರೀ, ಬಸ್‌ಸ್ಟ್ಯಾಂಡಲ್ಲಿ ಕಪ್ಪುಬಿಳುಪು ಫೋಟೋ ಕಂಡ್ರೆ ಜನ ಏನಂದ್ಕೋತಾರೆ ಅಂತ ನಿಮಗೆ ಗೊತ್ತಿಲ್ವಾ? ಬಣ್ಣ ಹಾಕ್ರಿ, ನಿಮ್ ದಮ್ಮಯ್ಯ.”

ಗೊತ್ತಿಲ್ಲದೇ ಏನು? ನಮ್ಮ ಸೀಮೆಯಲ್ಲಿ ಹುಟ್ಟುಹಬ್ಬದ ಫ್ಲೆಕ್ಸಿಗೆ ಬಣ್ಣ, ತಿಥಿಯ ಫ್ಲೆಕ್ಸಿಗೆ ಕಪ್ಪುಬಿಳುಪು ಎಂಬುದು ಅಕ್ಷರ ಬಾರದವರಿಗೂ ಗೊತ್ತು. ನಾನೂ ಚಿಕ್ಕಂದಿನಿಂದ ಅದನ್ನೇ ನೋಡಿಕೊಂಡು ಬಂದವನು. ಆದರೆ ತಜ್ಞನಾದ ಮೇಲೆ ಮೊದಲು ಮರೆಯುವುದು ಎಲ್ಲರಿಗೂ ಗೊತ್ತಿರುವುದನ್ನೇ. “ಪ್ರಶ್ನೆ ಚಿಹ್ನೆ ಹಾಕಿದ್ದೀನಲ್ಲ!” ಎಂದು ಅವಳ ಬಾಯಿ ಮುಚ್ಚಿಸಿದೆ. ಅವಳು ಸೌಟಿನೊಂದಿಗೆ ಒಳಗೆ ಹೋದಳು.

ಕೆ.ಆರ್. ಪೇಟೆಯಲ್ಲಿ ಫ್ಲೆಕ್ಸ್ ಹೊಡೆಯುವ ಮಹದೇವುಗೆ ವಾಟ್ಸಾಪಿನಲ್ಲಿ ಕಳಿಸಿದೆ. ಅವನು ಫೋನು ಮಾಡಿ, “ಅಣ್ಣ, ಕೆಳ್ಗಡೆ ಸ್ವಲ್ಪ ಖಾಲಿ ಖಾಲಿ ಕಾಣ್ತದೆ. ನಮ್ ರೂಢಿ ಪ್ರಕಾರ ಮಾಡ್ಬುಡ್ಲಾ?” ಎಂದ. ನಾನು ಆಗ ಇನ್ನೊಂದು ಸಂಸ್ಥೆಯ ಆನ್‌ಲೈನ್ ಸಭೆಯಲ್ಲಿ ‘ಸಮುದಾಯದ ಭಾಷೆಯಲ್ಲಿ ಮಾತಾಡಬೇಕು’ ಎಂದು ಭಾಷಣ ಬಿಗಿಯುತ್ತಿದ್ದೆ. “ಮಾಡಪ್ಪಾ, ನೀನೇ ಕಟ್ಟಿಸಿಬಿಡು” ಎಂದು ಫೋನಿಟ್ಟೆ. ಶನಿವಾರ ಫ್ಲೆಕ್ಸು ಹೊಣಕೆರೆ ಬಸ್‌ಸ್ಟ್ಯಾಂಡಿನಲ್ಲಿ ಮೇಲೇರಿತು. ನಾನು ನೋಡಲು ಹೋಗಲಿಲ್ಲ.

ಭಾನುವಾರ ಪಾಂಡವಪುರದ ಮೇಲೆ ಬೈಕಿನಲ್ಲಿ ಹೊರಟೆ. ದಾರಿಯಲ್ಲಿ ಇಡ್ಲಿ ತಿಂದು, ಒಳದಾರಿ ಹಿಡಿದು ಊರು ಸೇರಿದೆ. ಹತ್ತು ಗಂಟೆಗೆ ಇನ್ನೂ ಕಾಲು ಗಂಟೆ ಇತ್ತು. ಕೊಠಡಿಯ ಮುಂದೆ ಕಂಡ ದೃಶ್ಯಕ್ಕೆ ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕೀಳುವುದೊಂದು ಬಾಕಿ!

ಜನವೋ ಜನ. ಟ್ರಾಕ್ಟರಿನಲ್ಲಿ ಬಂದಿದ್ದರು. ಡೈರಿಗೆ ಹಾಲು ಹಾಕಿ ಕ್ಯಾನು ಸಮೇತ ಬಂದಿದ್ದರು. ಕೆಲವರ ಕೈಯಲ್ಲಿ ಹಾರವೂ ಇತ್ತು. ಸಾಕಕ್ಕನಿಗೆ ಸನ್ಮಾನ ಮಾಡುವಷ್ಟು ಮನಸ್ಸು ಮುಟ್ಟಿಬಿಟ್ಟೆನಲ್ಲ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಬಾಗಿಲಲ್ಲಿ ಊದುಬತ್ತಿ ಹಚ್ಚಿದ್ದರು. ಒಳ್ಳೆಯ ಕೆಲಸಕ್ಕೆ ಮೊದಲು ಪೂಜೆ ಮಾಡುವುದು ನಮ್ಮವರ ಸಂಸ್ಕೃತಿ ಎಂದುಕೊಂಡು ಮೊಬೈಲು ತೆಗೆದು ವೀಡಿಯೊ ಶುರುಮಾಡಿದೆ.

ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡಿತು. “ನಮ್ ಮೊಮ್ಮಗನ್ನ ನಿಲ್ಲಿಸ್ದೋಳು ಕನಪ್ಪಾ. ಇದ್ದಾಗ ಒಂದ್ಸಲನೂ ಇತ್ಲಾಗಿ ಬರ್ನಿಲ್ಲ ನಾನು” ಎಂದು ಅತ್ತಿತು. ನಾನು ಮೊಬೈಲನ್ನು ಅಜ್ಜಿಯ ಮುಖದ ಹತ್ತಿರ ಹಿಡಿದೆ! ಹೌದು, ಹಿಡಿದೆ. ಇಷ್ಟೆಲ್ಲ ಹೇಳುವಾಗ ಅದೊಂದನ್ನು ಮುಚ್ಚಿಟ್ಟು ಏನು ಮಾಡಲಿ?

ಚೆಲುವೇಗೌಡರು ಜಗಲಿ ಹತ್ತಿದರು. ಟವೆಲಿನಿಂದ ಕಣ್ಣು ಒರೆಸಿಕೊಂಡರು. “ಈ ತಾಯಿನ ರೂಮು ಖಾಲಿ ಮಾಡು ಅಂದ ಪಾಪಿ ನಾನು. ಕೊರಗಿ ಕೊರಗಿ ಓಗ್ಬುಟ್ಲು. ಇನ್ ಯಾವ್ ಗೊಬ್ರದೋನೂ ಬೇಡ. ನಾನಿರೋಗಂಟ ಇದು ಆ ಮಕ್ಳದೇಯಾ. ಬಾಗ್ಲು ಮೇಲೆ ಸಾಕಮ್ಮನ ಹೆಸ್ರು ಬರೆಸ್ಬುಡಿ!”

ಜನ ಹೂಂಗುಟ್ಟಿದರು. ನಾನು ಚಪ್ಪಾಳೆ ತಟ್ಟಿದೆ. ಒಬ್ಬನೇ. ಎಲ್ಲರೂ ತಿರುಗಿ ನೋಡಿದರು. ಆಗ ಗೌಡರ ಮಾತು ನಿಧಾನಕ್ಕೆ ನನ್ನ ತಲೆಗೆ ಇಳಿಯತೊಡಗಿತು. ಓಗ್ಬುಟ್ಲು?

ಅಷ್ಟರಲ್ಲಿ ಆಟೋ ಬಂದು ನಿಂತಿತು. ಏಳು ವರ್ಷದ ಪವಿತ್ರಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಾಕಕ್ಕ ಇಳಿದರು. ಜನ, ಹಾರ, ಊದುಬತ್ತಿ ಎಲ್ಲ ನೋಡಿ ಅವರ ಮುಖ ಸಣ್ಣದಾಯಿತು.

“ಯಾರಪ್ಪಾ ತೀರ್ಕೊಂಡಿದ್ದು?”

ಅಜ್ಜಿ ಕಿಟಾರನೆ ಕಿರುಚಿತು. ನಾಲ್ಕು ದಿನದಿಂದ ಕೊಠಡಿಗೆ ಬೀಗ, ಅಕ್ಕ ಆಸ್ಪತ್ರೆಯಲ್ಲಿದ್ದಾರೆಂಬ ಸುದ್ದಿ, ಅದರ ಮೇಲೆ ನನ್ನ ಫ್ಲೆಕ್ಸು! ಯಾರೋ ಬೈಕಿನಲ್ಲಿ ಹೋಗಿ ಅದನ್ನು ಬಸ್‌ಸ್ಟ್ಯಾಂಡಿನಿಂದ ಬಿಚ್ಚಿ ತಂದು ನಮ್ಮ ಮುಂದೆ ಹರಡಿದರು. ಮಹದೇವು ಖಾಲಿ ಜಾಗವನ್ನು ಚೆನ್ನಾಗಿ ತುಂಬಿದ್ದ. ಎಡಕ್ಕೊಂದು ದೀಪ, ಬಲಕ್ಕೊಂದು ದೀಪ, ನಡುವೆ ಕಮಲ. ಪ್ರಶ್ನೆ ಚಿಹ್ನೆ ಅಡ್ಡ ಬಂದಿತೆಂದು ತೆಗೆದುಹಾಕಿದ್ದ.

ಸಾಕಕ್ಕ ತಮ್ಮ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಜನರನ್ನು ನೋಡಿದರು. ಆ ಮುಖದಲ್ಲಿ ಸಿಟ್ಟು ಬರಬೇಕಿತ್ತು, ಸಂತೋಷ ಬಂತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. “ಓಗ್ಲಿ ಬುಡಿ, ನಾನಿದ್ದೀನಲ್ಲ. ಇಷ್ಟೊಂದ್ ಜನ ಬಂದಿದ್ದೀರಲ್ಲ, ಅಷ್ಟು ಸಾಕು! ಗೌಡ್ರೇ, ಊರೋರು ಬಂದವ್ರೆ ನೋಡಿ” ಎಂದರು ಅಕ್ಕ.

ಗೌಡರು ಟವೆಲನ್ನು ಹೆಗಲ ಮೇಲೆ ಕೊಡವಿ ಹಾಕಿಕೊಂಡರು. “ಬಂದಿದ್ದು ಸಾವಿಗೆ ಕನಮ್ಮಾ. ರೂಮಿಗಲ್ಲ.”

“ನೀವು ಈಗ ಮಾತು ಕೊಟ್ರಲ್ಲ ಗೌಡ್ರೇ” ಎಂದೆ ನಾನು. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಏನಾದರೂ ಉಳಿಯುತ್ತಿತ್ತೇನೋ. “ನನ್ನತ್ರ ವೀಡಿಯೊ ಇದೆ!”

ಮುಗಿಯಿತು. ಗೌಡರು ಕೆಂಡವಾದರು. “ಏನಯ್ಯಾ, ಬದ್ಕಿರೋ ಎಂಗ್ಸನ್ನ ಸಾಯಿಸಿ ನಮ್ ಕಣ್ಣಲ್ಲಿ ನೀರ್ ಹಾಕ್ಸಿ, ಅದ್ನ ವೀಡಿಯೊ ಬೇರೆ ಮಾಡ್ಕಂಡಿದ್ದೀಯಾ? ನಾನ್ ಮಾತು ಕೊಟ್ಟಿದ್ದು ಸತ್ತೋಳ್ಗೆ. ತಗೊಂಡೋಗು ನಿನ್ ವೀಡಿಯೊನ!”

ಜನ ಕರಗಿದರು. ಸಾವಿಗೆ ಬಂದದ್ದರಿಂದ ಮನೆಗೆ ಹೋಗಿ ತಲೆಗೆ ಸ್ನಾನ ಮಾಡಬೇಕೋ ಬೇಡವೋ ಎಂದು ಇಬ್ಬರು ಜಗಳವಾಡುತ್ತ ಹೋದರು. ಒಬ್ಬ ಹಾರವನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳುತ್ತಾನಾ ಎಂದು ನನ್ನನ್ನೇ ಕೇಳಿದ. ಇದ್ದಾಗ ಬರಲಿಲ್ಲ ಎಂದು ಅತ್ತ ಅಜ್ಜಿ, ಇರುವ ಸಾಕಕ್ಕನ ಪಕ್ಕದಲ್ಲೇ ಹಾದು ಹೊರಟುಹೋಯಿತು.

ನಾನು ಸೋಲೊಪ್ಪಲಿಲ್ಲ. ಗೌಡರ ಕಾಲು ಹಿಡಿದು ಇನ್ನೊಂದು ಭಾನುವಾರ ಬೇಡಿದೆ. ಈ ಸಲ ಬಣ್ಣದ ಫ್ಲೆಕ್ಸು. ನಗುವ ಸಾಕಕ್ಕ, ಹಸಿರು ಸೀರೆ, ‘ಸಾಕಮ್ಮನವರು ಬದುಕಿದ್ದಾರೆ, ಎಲ್ಲರೂ ಬನ್ನಿ!’ ಮುದ್ರಣದ ಅಂಗಡಿಯಲ್ಲಿ ಮಹದೇವುವಿನ ತಲೆಯ ಮೇಲೇ ನಿಂತು ಮಾಡಿಸಿದೆ. ಆ ಭಾನುವಾರ ನಾಲ್ವರು ತಾಯಂದಿರು ಬಂದರು. ನಾನು, ಸುಮ ಸೇರಿ ಆರು. ಸಾವು ಅಂದರೆ ಕೆಲಸ ಬಿಟ್ಟು ಬರುವ ಜನರಿಗೆ, ಬದುಕಿರುವವಳು ಕರೆದರೆ ಹೊಲದಲ್ಲಿ ಕೆಲಸವಿತ್ತು. ಸಾಕಕ್ಕ ಬೀಗದ ಕೈ ಕೊಟ್ಟರು. ಮರುದಿನವೇ ಗೊಬ್ಬರದ ಮೂಟೆಗಳು ಬಂದವು.

ಈಗ ಕಬ್ಬಿಣದ ಸರಳುಗಳು ಸಾಕಕ್ಕನ ಮನೆಯ ಅಂಗಳದಲ್ಲಿವೆ. ಹನ್ನೊಂದು ಮಕ್ಕಳಲ್ಲಿ ಐದು ಮಕ್ಕಳು ಬರುತ್ತಾರೆ. ಬಿಸಿಲು ತಡೆಯಲು ಮೇಲೆ ಆ ಕಪ್ಪುಬಿಳುಪು ಫ್ಲೆಕ್ಸನ್ನೇ ಕಟ್ಟಿದ್ದಾರೆ, ಮುಖ ಕೆಳಗೆ ಮಾಡಿ. ಪವಿತ್ರ ಸರಳು ಹಿಡಿದು ಆರು ಹೆಜ್ಜೆ ಇಟ್ಟು, ತಲೆಯೆತ್ತಿ ನೋಡಿ, “ಅಕ್ಕಾ, ಇದ್ರಲ್ಲಿ ಯಾಕ್ ನೀನು ನಗ್ತಿಲ್ಲ?” ಎಂದಳು.

“ಆ ಅಣ್ಣನ್ನ ಕೇಳು” ಎಂದರು ಸಾಕಕ್ಕ. ನನ್ನ ಕಡೆ ನೋಡಲಿಲ್ಲ. ಪವಿತ್ರಳ ಕೈಯನ್ನು ಮತ್ತೆ ಸರಳಿಗೆ ಹಿಡಿಸುತ್ತ, “ಸತ್ತೇ ಓಗಿದ್ರೆ ಮಕ್ಳಿಗೆ ರೂಮಾದ್ರೂ ಉಳೀತಿತ್ತು ಕಣಪ್ಪಾ” ಎಂದರು. ಹೇಳಿದ್ದು ತಮಾಷೆಗೇ ಇರಬೇಕು. ನಾನು ನಗಲು ಬಹಳ ಪ್ರಯತ್ನಪಟ್ಟೆ.

ಭಾನುವಾರ ಭಾನುವಾರ ಅಲ್ಲಿಗೆ ಹೋಗುತ್ತೇನೆ. ಬಯಲಾದ್ದರಿಂದ ಗಾಳಿ ಜಾಸ್ತಿ, ಫ್ಲೆಕ್ಸು ಹಾರುತ್ತದೆ. ಮಕ್ಕಳು ನಡೆದು ಮುಗಿಸುವವರೆಗೆ ಅದರ ಒಂದು ಮೂಲೆ ಹಿಡಿದುಕೊಂಡು ನಿಲ್ಲುವುದು ಸಂವಹನ ತಜ್ಞರ ಸದ್ಯದ ಕೆಲಸ. ಹೋದ ವಾರ ಗಾಳಿ ಜೋರಾದಾಗ ಅದನ್ನೂ ಕೈಬಿಟ್ಟೆ. ಸಾಕಕ್ಕ ಒಂದು ಹಗ್ಗ ತಂದು ಆ ಮೂಲೆಯನ್ನು ಗೂಟಕ್ಕೆ ಕಟ್ಟಿದರು.