ನಾಲ್ಕನೇ ಗೇರಿನ ಆಸೆ

ಖುದ್ದೂಸನ ಅಂಬಾಸಿಡರ್ ಕಾರಿಗೆ ನಾಲ್ಕನೇ ಗೇರ್ ಇದೆಯೆಂಬುದು ಅದನ್ನು ತಯಾರಿಸಿದವರನ್ನು ಬಿಟ್ಟರೆ ಚಾಮರಾಜನಗರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜಿಲ್ಲೆಯ ಮದುವೆ ಮೆರವಣಿಗೆಗಳೆಲ್ಲ ಅವನವೇ. ಮುಂದೆ ಬ್ಯಾಂಡ್‌ಸೆಟ್ಟು, ಕುಣಿಯುವ ಹುಡುಗರು, ಹಿಂದೆ ಹೂ ಹೊದ್ದು ತೆವಳುವ ಕಾರು. ಒಮ್ಮೆ ಅದರ ಬಾನೆಟ್ ಮೇಲೆ ಮೊಟ್ಟೆಯಿಟ್ಟ ಪಾರಿವಾಳ, ಕಾರು ಸಂತೆಮರಹಳ್ಳಿ ಮುಟ್ಟುವುದರೊಳಗೆ ಮರಿ ಮಾಡಿ ಹಾರಿಸಿತ್ತು. ನಂಬದವರು ಪಾರಿವಾಳವನ್ನೇ ಕೇಳಬಹುದು.

ಊರೆಲ್ಲ ಅವನನ್ನು 'ಫಸ್ಟ್ ಗೇರ್' ಎನ್ನುತ್ತಿತ್ತು. ನಾದಿನಿಯ ಮದುವೆ ಕಾರ್ಡಿನಲ್ಲೂ ಅವನ ಹೆಸರು ಹಾಗೆಯೇ ಅಚ್ಚಾದ ದಿನ ಖುದ್ದೂಸ್ ಊಟ ಬಿಟ್ಟ.

2009ರಲ್ಲಿ ರೇಸ್ ಡ್ರೈವರುಗಳು ಕೂಡಿ, ದೊಡ್ಡ ಕಾಯಿಲೆ ಬಿದ್ದ ಮಕ್ಕಳಿಗಾಗಿ ಗುಂಡ್ಲುಪೇಟೆ ಬಳಿ ಶಿಬಿರ ನಡೆಸಿದರು. ಕಡೆಯ ದಿನ ಮಕ್ಕಳಿಗೆ ರೇಸ್ ಕಾರಿನಲ್ಲಿ ಸವಾರಿ. ರೇಸ್ ಕಾರುಗಳು ಲಾರಿ ಹತ್ತಿ ಶಿಬಿರಕ್ಕೆ ಹೋದವು. ಮೃತ್ಯುಂಜಯನೆಂಬ ರೇಸ್ ವೀರ ಮಾತ್ರ ಚಾಮರಾಜನಗರದಲ್ಲಿ ರೈಲಿಳಿದು ಖುದ್ದೂಸನ ಕಾರು ಹತ್ತಿದ.

"ಲೋ ಫಸ್ಟ್ ಗೇರು, ಇವತ್ತೊಂದಿನ ನಾಕ್ನೇ ಗೇರ್ ಆಕ್ಲಾ," ಎಂದ ಪಕ್ಕದ ಟ್ಯಾಕ್ಸಿಯ ಚಿಕ್ಕಮಲ್ಲಪ್ಪ. "ಇಡೀ ಸ್ಟ್ಯಾಂಡೇ ನಾಳಿಂದ ನಿನ್ನ ಖುದ್ದೂಸ್ ಅಂತ ಎಸ್ರಿಡ್ದು ಕರೀತದೆ."

"ಮಾತು ತಪ್ಪಬಾರ್ದು ಮತ್ತೆ!"

"ಸಾಕ್ಸಿಗೆ ನಾನೂ ಬತ್ತೀನಿ ನಡಿ," ಎಂದು ಚಿಕ್ಕಮಲ್ಲಪ್ಪ ಮುಂದಿನ ಸೀಟಿನಲ್ಲಿ ಕೂತೇಬಿಟ್ಟ.

ಆದರೆ ಗೇರಿನತ್ತ ಕೈ ಹೋದಾಗಲೆಲ್ಲ ಎದುರಿಗೆ ಬ್ಯಾಂಡಿನವರು ಇದ್ದಂತಾಗಿ ಖುದ್ದೂಸನ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಕಾರು ತೊಟ್ಟಿಲಿನಂತೆ ತೂಗಿತು. ಒಳಗೆ ನಿನ್ನೆಯ ಮದುವೆಯ ಸುಗಂಧರಾಜ ಬಾಡಿ ನಾರುತ್ತಿತ್ತು. ಇನ್ನೂರರ ವೇಗದಲ್ಲೂ ಕಣ್ಣು ಮಿಟುಕಿಸದ ಮೃತ್ಯುಂಜಯ, ತೆರಕಣಾಂಬಿ ದಾಟುವಷ್ಟರಲ್ಲಿ ಕಿಟಕಿಯಾಚೆ ತಲೆ ಹಾಕಿ ಬೆಳಗಿನ ಇಡ್ಲಿಯನ್ನೆಲ್ಲ ರಸ್ತೆಗೆ ಒಪ್ಪಿಸಿದ. ಶಿಬಿರ ತಲುಪಿದವನೇ ಮಂಚಕ್ಕೆ ಬಿದ್ದ.

ಅವನ ಕಾರಿಗಾಗಿ ನಗ್ಮಾ ಎಂಬ ಪುಟ್ಟ ಹುಡುಗಿ ಬೆಳಗಿನಿಂದ ಹೆಲ್ಮೆಟ್ ಹಾಕಿಕೊಂಡೇ ಕೂತಿದ್ದಳು. ಶಿಬಿರದ ಡಾಕ್ಟರ್ ಸುಧಾಮಣಿ ಖುದ್ದೂಸನನ್ನು ಗುರುತು ಹಿಡಿದರು.

"ನನ್ನ ಮದುವೆ ಮೆರವಣಿಗೆಗೆ ಬಂದಿದ್ದು ನೀವೇ ಅಲ್ವಾ? ತುರುಬಿನ ಒಂದು ಹೂವೂ ಅಲ್ಲಾಡಿರಲಿಲ್ಲ. ಮಗೂನ ಅವರ ರೇಸ್ ಕಾರಲ್ಲಿ ನೀವೇ ಒಂದು ಸುತ್ತು ಕರ್ಕೊಂಡು ಹೋಗಿ."

ರೇಸ್ ಕಾರು! ಬೇಲಿಯಾಚೆ ಸಾಕ್ಷಿಗೆ ಚಿಕ್ಕಮಲ್ಲಪ್ಪ! ಖುದ್ದೂಸನ ಎದೆ ತಮಟೆಯಾಯಿತು. ಈ ಸಲ ಕಾಲು ಬ್ರೇಕಿಗೆ ಹೋಗಲಿಲ್ಲ, ಕೈ ಗೇರಿನ ಮೇಲೆ ಕೂತಿತು.

"ಅಂಕಲ್, ಇದು ಯಾವ ಗೇರು?" ಎಂದಳು ನಗ್ಮಾ.

"ಫಸ್ಟ್ ಗೇರಮ್ಮ. ಈಗ ನೋಡು, ನಾಕನೇದು..."

"ಬ್ಯಾಡ ಅಂಕಲ್, ಇದ್ರಲ್ಲೇ ಓಗಿ. ನಾನು ಯಾವಾಗ್ಲೂ ಆಂಬುಲೆನ್ಸಲ್ಲೇ ಓಗೋದು. ಅದು ಜೋರಾಗಿ ಓಗ್ತದೆ, ಏನೂ ಕಾಣ್ಸಕಿಲ್ಲ."

ಖುದ್ದೂಸ್ ಗೇರಿನಿಂದ ಕೈ ತೆಗೆದ.

ಚೆಂಡುಹೂವಿನ ಹೊಲಗಳು ಒಂದೊಂದೇ ಸಾಲಾಗಿ ಬಂದವು. ನಗ್ಮಾ ಹಸುವಿಗೆ ಕೈ ಬೀಸಿದಳು. ಹಸು ತಿರುಗಿ ನೋಡುವಷ್ಟು ಹೊತ್ತು ಕಾರು ಅಲ್ಲೇ ಇತ್ತು. ಇಳಿದವಳು ಅದನ್ನೆಲ್ಲ ವರ್ಣಿಸಿದ್ದೇ ತಡ, ಉಳಿದ ಮಕ್ಕಳು ಬಿರುಗಾಳಿಯಂಥ ಕಾರುಗಳಿಂದ ಇಳಿದು ಖುದ್ದೂಸನ ಮುಂದೆ ಸಾಲು ನಿಂತರು. ರೇಸ್ ವೀರರು ನೊಣ ಹೊಡೆಯುತ್ತ ಕೂತರು. ಸಂಜೆವರೆಗೂ ಖುದ್ದೂಸನ ಪಾಲಿಗೆ ಅದೇ ಗೇರು.

ಅವನು ಟೀ ಕುಡಿಯುವಷ್ಟರಲ್ಲಿ ಮಕ್ಕಳು ಅಂಬಾಸಿಡರ್ ತುಂಬ ಆಯಿಲ್ ಪೇಂಟಿನಲ್ಲಿ ಹೂ ಬರೆದಿದ್ದರು. ಮೃತ್ಯುಂಜಯ, "ನಡೆದಾದರೂ ಹೋದೇನು, ಆ ಕಾರು ಹತ್ತಲಾರೆ," ಎಂದು ಅಲ್ಲೇ ಉಳಿದ. ಇನ್ನು ಸಾಕ್ಷಿಯೊಬ್ಬನನ್ನು ಬಿಟ್ಟರೆ ಖಾಲಿ ಕಾರು, ಖಾಲಿ ರಸ್ತೆ. ಖುದ್ದೂಸ್ ಅಂಗಿಯ ತೋಳು ಮಡಚಿದ.

"ಅಂಕಲ್, ಪೇಂಟ್ ಇನ್ನೂ ಅಸಿ ಅದೆ!" ಎಂದು ಮಕ್ಕಳು ಕೂಗಿಕೊಂಡರು. "ಧೂಳು ಮೆತ್ಕತದೆ, ಮೆಲ್ಗೆ ಓಗಿ!"

ಚಾಮರಾಜನಗರದವರೆಗೂ ಮೆಲ್ಲಗೇ ಬಂದದ್ದಾಯಿತು. ದಾರಿಯುದ್ದಕ್ಕೂ ಚಿಕ್ಕಮಲ್ಲಪ್ಪ ಬಾಯಿಗೆ ಟವೆಲ್ ತುರುಕಿಕೊಂಡು ನಗುವಿಗೆ ಕುಲುಕುತ್ತಿದ್ದ. ಸ್ಟ್ಯಾಂಡಿನಲ್ಲಿ ಜನ ಕಾರಿನ ಹಿಂದೆ ನೆರೆದು ಹೊಟ್ಟೆ ಹಿಡಿದುಕೊಂಡಾಗಲೇ ಖುದ್ದೂಸ್ ಇಳಿದು ನೋಡಿದ್ದು. ಡಿಕ್ಕಿಯ ಮೇಲೆ ಕುಂಬಳಕಾಯಿ ಗಾತ್ರದ ಕೆಂಪಕ್ಷರ: 'ಫಸ್ಟ್ ಗೇರ್ ಅಂಕಲ್'.

"ನೀನೇ ಹೇಳ್ಕೊಟ್ಟಿದ್ದು ತಾನೇ!" ಎಂದು ಖುದ್ದೂಸ್ ಚಿಕ್ಕಮಲ್ಲಪ್ಪನ ಮೇಲೆ ರೇಗಿದ.

"ನಮ್ಮವ್ವನಾಣೆಗೂ ನಾನು ತುಟಿ ಬಿಚ್ಚಿಲ್ಲ ಕಣ್ಲಾ, ಆ ಮಕ್ಳೇ ಇಟ್ಟ ಎಸ್ರು," ಎಂದು ಚಿಕ್ಕಮಲ್ಲಪ್ಪ ಕೈ ಮುಗಿದ. "ಇಷ್ಟು ದಿನ ಮರ್ವಾದೆ ಇಲ್ದೆ ಬರೀ ಫಸ್ಟ್ ಗೇರ್ ಅಂತಿದ್ದೊ, ತಪ್ಪಾಯ್ತು. ನಾಳಿಂದ ಅಂಕಲ್ ಸೇರ್ಸೇ ಕರೀತೀವಿ, ಬುಡು."